ಸಿರಿಂಜಿನೊಳಗೆ ಕುದಿದ ನೀರು

ಆಗಸ್ಟ್ 23, 2025, ಶನಿವಾರ
ಡೊಂಬಿವಲಿ

ಈ ವಾರ ಮಳೆಯಿಂದ ಟ್ಯೂಷನ್ ಸರಿಯಾಗಿ ನಡೆದಿರಲೇ ಇಲ್ಲ. ಇವತ್ತು ಹತ್ತನೇ ಕ್ಲಾಸಿನವರು ಬಂದರು, ಆದರೆ ಪುಸ್ತಕ ತೆಗೆಯುವ ಮನಸ್ಸಿರಲಿಲ್ಲ. ಬಾಹ್ಯಾಕಾಶ ದಿನ ಅಂತ ಶಾಲೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದ ಶುಭಾಂಶು ಶುಕ್ಲಾ ಅವರ ವಿಡಿಯೊ ತೋರಿಸಿದ್ದರಂತೆ. ಬಾಯಿ ತೆರೆದರೆ ಅದೇ ಮಾತು.

ನಾನೂ ಸುಮ್ನೆ ನಮ್ಮ ಮುಂಬೈ ಕತೆ ಎತ್ತಿದೆ. 2005ರ ನವೆಂಬರ್ 26ರಂದು ಉದ್ಯಮಿ ವಿಜಯಪತ್ ಸಿಂಘಾನಿಯಾ ಇಲ್ಲಿಂದಲೇ ಬಿಸಿಗಾಳಿ ಬಲೂನಿನಲ್ಲಿ ಹೊರಟು 21 ಕಿಲೋಮೀಟರ್ ಮೇಲೆ ಹೋಗಿದ್ದರು. ಇಳಿದದ್ದು ನಾಸಿಕ್ ಕಡೆ. ಆಗ ಅವರಿಗೆ 67 ವರ್ಷ!

"ಅಷ್ಟು ಮೇಲೆ ಉಸಿರಾಡೋದು ಹೇಗೆ ಮಿಸ್?"

ಮುಚ್ಚಿದ ಕ್ಯಾಬಿನ್ ಇತ್ತು ಅಂದೆ. ಸುಮಾರು 19 ಕಿಲೋಮೀಟರ್ ದಾಟಿದರೆ ನಮ್ಮ ಮೈಯ ಬಿಸಿಗೇ ನೀರು ಕುದಿಯುತ್ತದೆ ಅಂದಾಗ ಹುಡುಗರು ನಕ್ಕುಬಿಟ್ಟರು. ಕೆಳಗಿನ ಮೆಡಿಕಲ್‌ನಿಂದ ದೊಡ್ಡದೊಂದು ಸಿರಿಂಜ್ ತರಿಸಿದೆ, ಸೂಜಿ ಇಲ್ಲದ್ದು. ಸ್ವಲ್ಪ ಬಿಸಿನೀರು ಎಳೆದು, ಒಳಗಿನ ಗಾಳಿ ಹೊರಗೆ ತಳ್ಳಿ, ತುದಿಗೆ ಬೆರಳು ಒತ್ತಿ ಹಿಡಿದು ಹಿಡಿಯನ್ನು ಜೋರಾಗಿ ಹಿಂದಕ್ಕೆಳೆದೆ. ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದಿತು. ಬಿಟ್ಟ ಕೂಡಲೇ ನಿಂತಿತು. ಒತ್ತಡ ಇಳಿದರೆ ಸಾಕು, ಒಲೆ ಬೇಡ. ಆಮೇಲೆ ಸಿರಿಂಜಿಗೆ ಕಿತ್ತಾಟವೋ ಕಿತ್ತಾಟ. ಪಾಠ ಅಂದರೆ ಹೀಗೇ ಇರಬೇಕು ಅನ್ನಿಸಿ ಖುಷಿಯಾಯಿತು.

ಎಲ್ಲರೂ ಹೋದ ಮೇಲೂ ಎರಡನೇ ಮಹಡಿಯವರ ಚಿಕ್ಕವಳು ಬಾಗಿಲಲ್ಲೇ ನಿಂತಿದ್ದಳು. ಚಪ್ಪಲಿ ಹಾಕುತ್ತಾಳೆ, ತೆಗೆಯುತ್ತಾಳೆ.

"ಮಿಸ್, ಎನ್‌ಡಿಎಗೆ, ಅದೇ ಸೇನಾ ಅಧಿಕಾರಿಗಳನ್ನ ತಯಾರು ಮಾಡೋ ಅಕಾಡೆಮಿಗೆ, ಹುಡುಗಿಯರನ್ನ ತಗೋತಾರಾ?"

"ತಗೋತಾರೆ. 2022ರಲ್ಲಿ ಶುರುವಾಯ್ತು. ಮೊದಲ ಬ್ಯಾಚಿನ 17 ಹುಡುಗಿಯರು ಈ ಮೇ ತಿಂಗಳಲ್ಲಿ ಪಾಸಾಗಿ ಹೊರಗೆ ಬಂದರು."

"ಶುಕ್ಲಾ ಸರ್ ಅಲ್ಲೇ ಓದಿದ್ದಾ?"

"ಅಲ್ಲೇ. ರಾಕೇಶ್ ಶರ್ಮಾ ಕೂಡ."

"ಎನ್‌ಡಿಎ ಇರೋ ಖಡಕ್‌ವಾಸ್ಲಾ ಪುಣೆ ಹತ್ತಿರಾನೇ ಅಲ್ವಾ? ದೂರ ಏನಲ್ಲ." ಸ್ವಲ್ಪ ಸುಮ್ಮನಿದ್ದಳು. "ಆದರೆ ಅಮ್ಮ ಕಾಮರ್ಸ್ ತಗೋ ಅಂತಾರೆ. ಅಕ್ಕನ ಪುಸ್ತಕ ಎಲ್ಲ ಇದೆಯಲ್ಲ."

ಏರ್‌ಫೋರ್ಸ್‌ಗೆ ಹೋಗಬೇಕಾದರೆ ಹನ್ನೆರಡನೇ ಕ್ಲಾಸಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇರಲೇಬೇಕು. ಅದನ್ನೂ ಹೇಳಿದೆ. ತಲೆಯಾಡಿಸಿ ಮೆಟ್ಟಿಲಿಳಿದಳು.

ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಮಕ್ಕಳಿಗೆ ಆಕಾಶ ತೋರಿಸುವುದು ಸುಲಭ. ಬರುವ ವರ್ಷ ಹನ್ನೊಂದನೇ ಕ್ಲಾಸಿನ ಫಾರ್ಮ್ ತುಂಬುವಾಗ ಅವಳ ಪಕ್ಕದಲ್ಲಿ ಕೂರುವವರು ಯಾರು? ಮನೆಯವರದ್ದೂ ತಪ್ಪಲ್ಲ, ಫೀಸು ಹೊಂದಿಸುವ ಕಷ್ಟ ಅವರಿಗೇ ಗೊತ್ತು. ಎನ್‌ಡಿಎಯಲ್ಲಿ ಓದಿಗೂ ಊಟಕ್ಕೂ ಖರ್ಚು ಸರ್ಕಾರದ್ದೇ. ಅದು ಅವರಿಗೆ ಗೊತ್ತಿದೆಯೋ ಇಲ್ಲವೋ.

ಮಂಗಳವಾರ ಗೌರಿ ಹಬ್ಬ. ಅವಳ ಅಮ್ಮ ಅರಿಶಿನ ಕುಂಕುಮಕ್ಕೆ ಬಂದೇ ಬರುತ್ತಾರೆ. ಮನೆ ತುಂಬ ಜನ ಇರುವಾಗ ಈ ಮಾತು ಎತ್ತುವುದು ಬೇಡವೇನೋ. ಇಲ್ಲ, ನಾಳೆಯೇ ಒಂದು ಸಲ ಕೆಳಗಿಳಿದು ಹೋಗಿ, ಮೊದಲು ಅವಳ ಅಪ್ಪನ ಹತ್ತಿರ ಮಾತಾಡಬೇಕು.