ಮಣ್ಣಿನ ಕಟ್ಟೆಗೆ ಸಿಮೆಂಟ್ ಬಳಿಯಬೇಡಿ

ಕೊಪ್ಪಳ ಸುತ್ತಮುತ್ತ ತೋಟ, ಶಾಲೆ ಅಂಗಳಗಳಲ್ಲಿ ಕೂರಲು ಮಣ್ಣಿನ ಕಟ್ಟೆ ಕಟ್ಟುವುದು ನನ್ನ ಕೆಲಸ. ಹೋದಲ್ಲೆಲ್ಲ ಕೇಳುವುದು ಒಂದೇ ಮಾತು: "ಮಳಿ ಬಂದ್ರ ಕರಗಂಗಿಲ್ಲೇನ್ರಿ? ಮ್ಯಾಲೆ ಸಿಮೆಂಟ್ ಬಳದುಬಿಡ್ರಿ."

ಇದೊಂದನ್ನು ಮಾತ್ರ ಮಾಡಬೇಡಿ. ಬೇರೆಯವರು ಹಾಗೆ ಬಳಿದಿದ್ದ ಒಂದು ಕಟ್ಟೆಯ ರಿಪೇರಿಗೆ ಹೋಗಿದ್ದೆ. ಹೊರಗೆ ಕೂದಲೆಳೆಯಷ್ಟು ಬಿರುಕು, ಅಷ್ಟೇ. ಬೆರಳಲ್ಲಿ ತಟ್ಟಿದರೆ ಪೊಳ್ಳು ಸದ್ದು. ಉಳಿಯಿಂದ ಒಂದು ಚಕ್ಕೆ ಎಬ್ಬಿಸಿ ನೋಡಿದರೆ, ಮಳೆ ನಿಂತು ವಾರಗಳಾಗಿದ್ದರೂ ಒಳಗಿನ ಮಣ್ಣು ಹಿಂಡಿದರೆ ಉಂಡೆಯಾಗುವಷ್ಟು ಹಸಿ. ಬಿರುಕಿನಿಂದ ಹೋದ ನೀರು ಆರಲು ಸಿಮೆಂಟು ಬಿಟ್ಟಿರಲಿಲ್ಲ.

ಬಳಿಯುವ ಮಾತು ಆಮೇಲೆ, ಮೊದಲು ನೀರನ್ನು ದೂರ ಇಡಬೇಕು. ನಮ್ಮಲ್ಲಿ ಮಳೆ ಕಡಿಮೆ, ನಿಜ. ಆದರೆ ಬಂದರೆ ಗಾಳಿ ಜೊತೆ ಅಡ್ಡ ಹೊಡೆಯುತ್ತದೆ, ನೆಲಕ್ಕೆ ಬಿದ್ದ ಹನಿ ಸಿಡಿದು ಕಟ್ಟೆಯ ಬುಡವನ್ನೇ ತಿನ್ನುತ್ತದೆ. ಅದಕ್ಕೇ ಕೆಳಗೆ ಒಂದಡಿಯಾದರೂ ಕಲ್ಲು ಕಟ್ಟಿಸಿ. ಎರೆ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲವಾದರೆ ಇನ್ನೂ ಹುಷಾರಾಗಿರಬೇಕು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ಮೇಲಿನ ಕಟ್ಟೆಯನ್ನೂ ಸೀಳುತ್ತದೆ. ಪಾಯದ ಎರೆ ತೆಗೆದು ಮರಂ, ಅಂದರೆ ಗರಸು ಮಣ್ಣು ತುಂಬಿ, ಕುಟ್ಟಿ ಧಮ್ಮಸ್ಸು ಮಾಡಿ. ಕಟ್ಟೆಗೆ ಮಸಾರಿ (ಕೆಂಪು) ಮಣ್ಣು, ಮರಳು, ಭತ್ತದ ಹುಲ್ಲು ಸಾಕು. ಹುಲ್ಲಿಗೆ ಗಂಗಾವತಿ ಕಡೆ ಬರವಿಲ್ಲ.

ಮೇಲೆ ಶಹಾಬಾದ್ ಕಲ್ಲಿನ ಚಪ್ಪಡಿ ಹಾಕುತ್ತೇನೆ, ಸ್ವಲ್ಪ ಇಳಿಜಾರಾಗಿ, ಎರಡು ಇಂಚು ಮುಂದಕ್ಕೆ ಚಾಚಿ. ಚಾಚಿದ ಅಂಚಿನ ಕೆಳಗೆ ಉದ್ದಕ್ಕೂ ಒಂದು ಗೀರು ಕೊಯ್ಯಿಸಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಹಿಂದೆ ಹರಿದು ಮಣ್ಣು ಸೇರುವುದಿಲ್ಲ. ಗೌಂಡಿಗಳು ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ, ಪಕ್ಕದಲ್ಲೇ ನಿಂತು ಮಾಡಿಸಿ.

ಇನ್ನು ಸಿಮೆಂಟಿನ ಬದಲು ಬಳಿಯುವ ಸುಣ್ಣದ ಗಾರೆ. ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಹಾಕಿ ಅರಳಿಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ತೆಳ್ಳಗೆ ಎರಡು ಸಲ. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ನಿಧಾನವಾಗಿ, ಅದೂ ತೇವ ಇದ್ದರೆ ಮಾತ್ರ. ನಮ್ಮ 40 ಡಿಗ್ರಿ ಬಿಸಿಲಿನಲ್ಲಿ ಅದಕ್ಕೂ ಮುಂಚೆ ಒಣಗಿ ಪುಡಿಯಾಗುತ್ತದೆ. ಒಂದು ವಾರವಾದರೂ ಒದ್ದೆ ಗೋಣಿಚೀಲ ಹೊದಿಸಿ, ಮೇಲೆ ನೆರಳು ಮಾಡಿ. ಚಳಿಗಾಲದಲ್ಲಿ ಮಾಡಿದರೆ ಅರ್ಧ ಕಷ್ಟ ಕಮ್ಮಿ. ಆಮೇಲೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಸುಣ್ಣ ಹೊಡೆದರೆ ಸಣ್ಣ ಬಿರುಕು ತಾನಾಗೇ ಮುಚ್ಚುತ್ತದೆ.

ಅಗಸೆ ಎಣ್ಣೆ ಹಚ್ಚಬಹುದಾ ಅಂತ ಕೆಲವರು ಕೇಳುತ್ತಾರೆ. ಬರೀ ಮಣ್ಣಿನ ಮೆತ್ತಿಗೆಗೆ ಹಚ್ಚಬಹುದು, ಒಳ್ಳೆಯದೇ. ಆದರೆ ಎಣ್ಣೆ ಕುಡಿದ ಮೈಗೆ ಆಮೇಲೆ ಸುಣ್ಣ ಹಿಡಿಯುವುದಿಲ್ಲ. ಎರಡರಲ್ಲಿ ಯಾವುದು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.