ಕ್ಯಾನಿನ ತಳದ ಗೆರೆ

2022ರ ಜೂನ್ 15, ಬುಧವಾರ. ಮರುದಿನ ಬೆಳಗ್ಗೆ ಹತ್ತೂವರೆಗೆ ಮಗಳಿಗೆ ಹಾಸನದಲ್ಲಿ ಸಿಇಟಿ. ಮೊದಲು ಬಯಾಲಜಿ, ಮಧ್ಯಾಹ್ನ ಮ್ಯಾಥ್ಸ್. ನಮ್ಮ ಮನೆ ಸಕಲೇಶಪುರದಿಂದ ಆಚೆ, ಹಾನುಬಾಳು ಕಡೆ. ಊರಿಗೆ ಮೊದಲ ಬಸ್ಸು ಬರೋದೇ ಎಂಟೂಕಾಲಿಗೆ. ಅದನ್ನು ನಂಬಿದರೆ ಸಕಲೇಶಪುರದಲ್ಲಿ ಇಳಿದು, ಬಸ್ಸು ಬದಲಿಸಿ, ಹಾಸನ ಸೇರಿ, ಪರೀಕ್ಷಾ ಕೇಂದ್ರ ಹುಡುಕುವಷ್ಟರಲ್ಲಿ ಹೊತ್ತು ಮೀರುತ್ತದೆ. ಹಾಗಾಗಿ ಕಾರಲ್ಲೇ ಹೋಗೋದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ನಮ್ಮನೆಯವರು ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದರು. ಕಾರು ಓಡಿಸೋದು ನಾನೇ.

ಸಂಜೆ ಪೆಟ್ರೋಲ್ ಹಾಕಿಸಲು ಹೋದೆ. ಬಂಕಿನ ಮುಂದೆ ಹಗ್ಗ ಕಟ್ಟಿ, ನೋ ಸ್ಟಾಕ್ ಅಂತ ರಟ್ಟಿನಲ್ಲಿ ಬರೆದು ನೇತು ಹಾಕಿದ್ದರು. ಇನ್ನೊಂದು ಬಂಕಿಗೆ ಫೋನ್ ಮಾಡಿ ಕೇಳಿದೆ. ಅಲ್ಲೂ ಅದೇ ಉತ್ತರ. ಆ ವಾರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಹೀಗೇ ಆಗಿತ್ತು. ಉಕ್ರೇನ್ ಯುದ್ಧ ಶುರುವಾದ ಮೇಲೆ ಕಚ್ಚಾ ತೈಲದ ಬೆಲೆ ಏರಿತ್ತು. ಆದರೆ ಬಂಕಿನ ರೇಟು ಬೆಂಗಳೂರಲ್ಲಿ ಲೀಟರಿಗೆ 101 ರೂಪಾಯಿ 94 ಪೈಸೆಗೆ ನಿಂತಿತ್ತು. ಆ ರೇಟಿಗೆ ಮಾರಿದರೆ ನಷ್ಟ ಅಂತ ಖಾಸಗಿ ಬಂಕುಗಳು ಮಾರಾಟ ಕಡಿಮೆ ಮಾಡಿದವು. ಅಲ್ಲಿಯ ಗಿರಾಕಿಗಳೆಲ್ಲ ಸರ್ಕಾರಿ ಕಂಪನಿಗಳ ಬಂಕಿಗೆ ಬಂದರು. ದೇಶದಲ್ಲಿ ಇಂಧನಕ್ಕೆ ಕೊರತೆಯಿಲ್ಲ ಅಂತ ಕೇಂದ್ರ ಸರ್ಕಾರ ಆ ದಿನವೇ ಹೇಳಿತ್ತು. ಅದು ನಿಜವೇ ಇರಬಹುದು. ಮಂಗಳೂರಿನಿಂದ ಘಟ್ಟ ಹತ್ತಿ, ಹಾಸನದ ಮೇಲೆ ಬೆಂಗಳೂರಿನ ದೇವನಗೊಂದಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ ಪೈಪ್‌ಲೈನ್ ಇದೆ. ಸುಮಾರು 360 ಕಿಲೋಮೀಟರ್ ಉದ್ದ. ಅಷ್ಟು ತೈಲ ನಮ್ಮ ಜಿಲ್ಲೆಯ ನೆಲದಡಿಯಲ್ಲೇ ಹರಿಯುವಾಗ ನಮ್ಮೂರ ಬಂಕು ಮಾತ್ರ ಖಾಲಿ. ಬೋರ್ಡ್ ಮುಂದೆ ನಿಂತು ಅದನ್ನೇ ಯೋಚಿಸಿ ನನಗೆ ಸಿಟ್ಟು ಬಂದಿತ್ತು.

ಕಾರಿನ ಮುಳ್ಳು ಕೆಂಪು ಗೆರೆಯ ಸ್ವಲ್ಪ ಮೇಲಿತ್ತು. ಮೂರು ಲೀಟರ್ ಇದ್ದಿರಬಹುದು. ಹಾಸನಕ್ಕೆ ಅರವತ್ತು ಕಿಲೋಮೀಟರ್ ಚಿಲ್ಲರೆ, ಅದರಲ್ಲಿ ಅರ್ಧ ಏರು ತಿರುವು. ಸಾಲದು ಅನ್ನಿಸಿತು.

ಆಗ ನೆನಪಾಗಿದ್ದು ಕ್ಯಾನು. ಹಿಂದಿನ ವರ್ಷ ಅಕ್ಟೋಬರಿನಲ್ಲಿ ಕಳೆ ಹೊಡೆಯುವ ಮೆಷಿನ್ನಿಗೆ ಅಂತ ತಂದ ಪೆಟ್ರೋಲ್. ಹತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು. ಕಾಫಿ ಮೂಟೆ ಇಡುವ ಗೋಡೌನಿನ ಮೂಲೆಯಲ್ಲಿ ಎಂಟು ತಿಂಗಳು ಕೂತಿತ್ತು. ಮುಚ್ಚಳ ಪೂರ್ತಿ ಬಿಗಿದಿರಲಿಲ್ಲ. ತೆಗೆದು ಮೂಸಿದೆ. ಪೆಟ್ರೋಲಿನ ಆ ಮೂಗಿಗೆ ಹೊಡೆಯುವ ಘಾಟು ಇರಲಿಲ್ಲ. ಹಳೇ ವಾರ್ನಿಷ್ ಡಬ್ಬದಂಥ ಒಂದು ಮಂಕು ವಾಸನೆ. ತಿಳಿ ಕಿತ್ತಳೆ ಬಣ್ಣ ಹೋಗಿ ಚಹಾ ಡಿಕಾಕ್ಷನ್ ತರ ಆಗಿತ್ತು.

ಅನುಮಾನ ಬಂತು. ಪಕ್ಕದ ತೋಟದ ದೊಡ್ಡಪ್ಪನನ್ನು ಕೇಳಿದೆ. ಸ್ವಂತ ದೊಡ್ಡಪ್ಪ ಅಲ್ಲ, ಆದರೆ ಚಿಕ್ಕಂದಿನಿಂದ ಹಾಗೇ ಕರೆದು ರೂಢಿ. ಎಂಬತ್ತು ವರ್ಷ. ನಮ್ಮ ಕಡೆ ಗಾಡಿ ವಿಷಯ ಅಂದರೆ ಅವರ ಮಾತೇ ಕೊನೆ. ಐವತ್ತು ವರ್ಷ ವಿಲ್ಲೀಸ್ ಜೀಪಿನಲ್ಲಿ ಈ ಗುಡ್ಡವನ್ನೆಲ್ಲ ಸುತ್ತಿದವರು.

"ಏನೂ ಆಗಲ್ಲ ಕಣವ್ವ. ನಾವು ವರ್ಷಗಟ್ಟಲೆ ಇಟ್ಟಿದ್ದು ಹಾಕಿಲ್ವಾ? ತಳದಲ್ಲಿ ಗಸಿ ಇರ್ತದೆ, ಅದನ್ನ ಬಿಟ್ಟು ಮೇಲಿಂದು ಮಾತ್ರ ಬಗ್ಗಿಸ್ಕೊ" ಅಂದರು.

ಅವರ ಅಪ್ಪನ ಕಾಲದ ಕಥೆಯನ್ನೂ ಹೇಳಿದರು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಆಗಿ, ಬಸ್ಸುಗಳ ಹಿಂದೆ ಇದ್ದಿಲಿನ ಒಲೆಯಂಥ ಡ್ರಮ್ಮು ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರಂತೆ. ಏರು ಬಂದರೆ ಜನ ಇಳಿದು ತಳ್ಳಬೇಕಿತ್ತಂತೆ. ಅಂಥದ್ದರಲ್ಲೂ ಜನ ಊರು ಸೇರಿದರು, ನೀನು ಇಷ್ಟಕ್ಕೆ ಹೆದರ್ತೀಯಲ್ಲ ಅಂತ ಧೈರ್ಯ ಕೊಟ್ಟರು. ನನಗೆ ಬೇಕಾಗಿದ್ದೂ ಅದೇ. ರಾತ್ರಿ ಟಾರ್ಚ್ ಹಿಡಿದು, ಹಳೇ ಪಂಚೆಯ ಬಟ್ಟೆಯಲ್ಲಿ ಸೋಸಿ, ಅಲ್ಲಾಡಿಸದೆ ಮೇಲಿನ ಐದು ಲೀಟರನ್ನು ಟ್ಯಾಂಕಿಗೆ ಸುರಿದೆ. ಕೊನೆಯಲ್ಲಿ ಕೈ ಸೋತು ಕ್ಯಾನು ವಾಲಿತು. ತಳದ್ದೂ ಸ್ವಲ್ಪ ಹೋಯಿತು. ಸ್ವಲ್ಪ ತಾನೇ ಅಂದುಕೊಂಡೆ.

ಬೆಳಗ್ಗೆ ಆರೂವರೆಗೆ ಹೊರಟೆವು. ಜಿಟಿಜಿಟಿ ಮಳೆ. ಗಾಡಿ ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಮಗಳು ಮಡಿಲಲ್ಲಿ ನೋಟ್ಸ್ ಇಟ್ಟುಕೊಂಡು ಬಾಯಿಯೊಳಗೇ ಓದಿಕೊಳ್ಳುತ್ತಿದ್ದಳು. ಮೊದಲ ನಾಲ್ಕೈದು ಕಿಲೋಮೀಟರ್ ಏನೂ ಗೊತ್ತಾಗಲಿಲ್ಲ. ದೊಡ್ಡಪ್ಪ ಹೇಳಿದ್ದು ಸರಿ ಅಂತ ಮನಸ್ಸು ಹಗುರವಾಯಿತು.

ಮೊದಲ ದೊಡ್ಡ ಏರಿನಲ್ಲಿ ಆ ಸದ್ದು ಶುರುವಾಯಿತು. ಒಣಗಿದ ಕಾಫಿ ಚೆರ್ರಿಯನ್ನು ತಗಡಿನ ಡಬ್ಬದಲ್ಲಿ ಹಾಕಿ ಕುಲುಕಿದ ಹಾಗೆ, ಟಿಣಟಿಣ ಟಿಣಟಿಣ. ಆಕ್ಸಿಲರೇಟರ್ ಒತ್ತಿದರೆ ಜಾಸ್ತಿ, ಬಿಟ್ಟರೆ ನಿಲ್ಲುತ್ತದೆ. ಪಿಕಪ್ಪೇ ಇಲ್ಲ. ಪಿಕಪ್ ಇಲ್ಲ ಅಂತ ನಾನು ಇನ್ನೂ ಒತ್ತಿದೆ. ಅದೂ ಮೂರನೇ ಗೇರಿನಲ್ಲಿ. ಮಾಡಬಾರದ್ದು ಅದೇ ಅಂತ ಆಮೇಲೆ ತಿಳಿಯಿತು. ಹೊತ್ತಾಗುತ್ತದೆ ಅನ್ನುವ ಭಯಕ್ಕೆ ಕಾಲು ತಾನಾಗಿ ಕೆಳಗೆ ಹೋಗುತ್ತಿತ್ತು.

ಮಗಳು ನೋಟ್ಸ್ ಮುಚ್ಚಿದಳು. "ಅಮ್ಮಾ, ಇದು ನಾಕಿಂಗ್. ಫಿಸಿಕ್ಸ್ ಮೇಷ್ಟ್ರು ಹೇಳಿದ್ರು. ಒತ್ತಬೇಡ, ಗೇರ್ ಇಳಿಸು" ಅಂದಳು.

ಎರಡನೇ ಗೇರಿಗೆ ಹಾಕಿ, ಕಾಲು ಸಡಿಲ ಮಾಡಿದೆ. ಸದ್ದು ಬಹಳ ಕಡಿಮೆಯಾಯಿತು. ಹಾಗೇ ನಿಧಾನವಾಗಿ ಏರು ಹತ್ತಿಸಿದೆ. ಹಿಂದೆ ಒಂದು ಹಾಲಿನ ವ್ಯಾನ್ ಹಾರ್ನ್ ಹೊಡೆಯುತ್ತಲೇ ಇತ್ತು. ಪಕ್ಕಕ್ಕೆ ಸರಿದು ಬಿಟ್ಟೆ. ಸಕಲೇಶಪುರ ಇನ್ನು ಮೂರು ಕಿಲೋಮೀಟರ್ ಇದೆ ಅನ್ನುವಾಗ ಬೇರೆಯದೇ ತೊಂದರೆ ಬಂತು. ಗಾಡಿ ಜರ್ಕ್ ಹೊಡೆಯಲು ಶುರುವಾಯಿತು. ಒಂದು ಕ್ಷಣ ಎಳೆಯುತ್ತದೆ, ಮರುಕ್ಷಣ ಸತ್ತ ಹಾಗಾಗುತ್ತದೆ. ಇಂಜಿನ್ ಗುರುತಿನ ಹಳದಿ ದೀಪ ಹತ್ತಿಕೊಂಡಿತು. ಸ್ಟೀರಿಂಗ್ ಹಿಡಿದ ನನ್ನ ಕೈ ಬೆವೆತು ಜಾರುತ್ತಿತ್ತು. ಎರಡು ವರ್ಷ ಓದಿದ ಹುಡುಗಿ ದಾರಿಯಲ್ಲಿ ನಿಲ್ಲುತ್ತಾಳಲ್ಲ ಅನ್ನುವುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ಹೇಗೋ ಪೇಟೆ ಸೇರಿದೆವು. ನಮ್ಮ ಮೆಕ್ಯಾನಿಕ್ ಭಾಯ್ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದರು. ಸದ್ದು ಕೇಳಿಯೇ ಹೊರಗೆ ಬಂದು ಕೈ ಅಡ್ಡ ಹಿಡಿದರು. "ಅಕ್ಕಾ, ಮೊದಲು ಆಫ್ ಮಾಡಿ. ಏನು ಹಾಕಿದ್ದೀರಾ ಇದಕ್ಕೆ?" ಅಂದರು. ಹೇಳಿದೆ. ಬೈಯಲಿಲ್ಲ. "ಗಾಡಿ ಇಲ್ಲೇ ಇರಲಿ. ಮಗೂನ ಬಸ್ ಹತ್ತಿಸಿ, ಹಾಸನಕ್ಕೆ ಬೇಕಾದಷ್ಟು ಬಸ್ಸಿದೆ" ಅಂದು ತಮ್ಮ ಹುಡುಗನ ಕೈಲಿ ನಮ್ಮಿಬ್ಬರ ಬ್ಯಾಗು ಹೊರಿಸಿ ಬಸ್ ಸ್ಟ್ಯಾಂಡಿಗೆ ಕಳಿಸಿದರು. ಎಂಟಕ್ಕೆ ಮೊದಲೇ ಬಸ್ಸು ಸಿಕ್ಕಿತು. ಬಾಳ್ಳುಪೇಟೆ, ಪಾಳ್ಯ ದಾಟುವ ತನಕ ನಾನು ಮಾತಾಡಲಿಲ್ಲ. ಅವಳು ಮತ್ತೆ ನೋಟ್ಸ್ ತೆಗೆದಿದ್ದಳು. ಒಂಬತ್ತು ದಾಟುವ ಹೊತ್ತಿಗೆ ಹಾಸನ. ಪರೀಕ್ಷೆ ಸರಿಯಾಗಿ ಬರೆದಳು. ಆ ರಾತ್ರಿ ಅಲ್ಲೇ ನಂಟರ ಮನೆಯಲ್ಲಿದ್ದು, ಮರುದಿನ ಫಿಸಿಕ್ಸ್, ಕೆಮಿಸ್ಟ್ರಿ ಮುಗಿಸಿಕೊಂಡು ಇಬ್ಬರೂ ವಾಪಸ್ ಬಂದೆವು.

ಭಾಯ್ ನನಗಾಗಿ ಕಾಯುತ್ತಿದ್ದರು. ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್ ಬದಲಿಸಿ, ಪ್ಲಗ್ ಬಿಚ್ಚಿ ನೋಡಿದ್ದರು. ತೆಗೆದ ಪೆಟ್ರೋಲನ್ನು ಒಂದು ಗಾಜಿನ ಬಾಟ್ಲಿಗೆ ತುಂಬಿ ನನಗೆ ತೋರಿಸಲೆಂದೇ ಎತ್ತಿಟ್ಟಿದ್ದರು. ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ಒಂದು ಗೆರೆ. ಗೆರೆಯ ಕೆಳಗೆ ಬೇರೆ ದ್ರವ, ಮೇಲೆ ಬೇರೆ.

"ಇದು ಗಸಿ ಅಲ್ಲ ಅಕ್ಕ. ನೀರು, ಎಥೆನಾಲ್" ಅಂದರು.

ಪೆಟ್ರೋಲಿಗೆ ಎಥೆನಾಲ್ ಅನ್ನುವ ಆಲ್ಕೋಹಾಲ್ ಬೆರೆಸುತ್ತಾರೆ ಅಂತ ನನಗೂ ಗೊತ್ತಿತ್ತು. ದೇಶದಲ್ಲಿ ಶೇಕಡಾ 10 ಬೆರೆಸುವ ಗುರಿಯನ್ನು ಐದು ತಿಂಗಳು ಮೊದಲೇ ಮುಟ್ಟಿದೆವು ಅಂತ ಆ ಜೂನ್ 5ರಂದು ಪ್ರಧಾನಿ ಹೇಳಿದ್ದನ್ನು ಪೇಪರಿನಲ್ಲಿ ಓದಿದ್ದೆ. ಆದರೆ ಅದಕ್ಕೂ ನಮ್ಮ ಗೋಡೌನಿನ ಕ್ಯಾನಿಗೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ಭಾಯ್ ಮಾಡಿ ತೋರಿಸಿದರು. ಅಳತೆ ಗೆರೆ ಇರುವ ಒಂದು ಗಾಜಿನ ಕೊಳವೆಗೆ ಹತ್ತು ಮಿಲಿ ನೀರು, ಅದರ ಮೇಲೆ ತೊಂಬತ್ತು ಮಿಲಿ ಹೊಸ ಪೆಟ್ರೋಲ್. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ ಇಟ್ಟರು. ಸ್ವಲ್ಪ ಹೊತ್ತಿಗೆ ಎರಡೂ ಬೇರೆಯಾದವು. ತಳದ ಪದರ ಹತ್ತಕ್ಕೆ ನಿಲ್ಲಲಿಲ್ಲ, ಹತ್ತೊಂಬತ್ತರ ಹತ್ತಿರ ಬಂತು. ಪೆಟ್ರೋಲಿನೊಳಗಿದ್ದ ಎಥೆನಾಲನ್ನೆಲ್ಲ ನೀರು ತನ್ನ ಕಡೆ ಎಳೆದುಕೊಂಡಿತ್ತು. ನನಗೆ ಮೈ ಜುಮ್ಮೆಂದಿತು. ನಮ್ಮ ಕ್ಯಾನಿನಲ್ಲಿ ಎಂಟು ತಿಂಗಳು ನಡೆದದ್ದು ಇದೇ. ಮುಚ್ಚಳ ಸಡಿಲ, ಮಲೆನಾಡಿನ ತೇವದ ಗಾಳಿ, ಮಳೆಗಾಲದ ಗೋಡೌನು. ಎಥೆನಾಲ್ ಗಾಳಿಯ ನೀರನ್ನು ಹೀರಿಕೊಳ್ಳುತ್ತಾ ಹೋಯಿತು. ಇನ್ನು ಹಿಡಿದಿಡಲು ಆಗದು ಅಂದಾಗ ನೀರನ್ನು ಕಟ್ಟಿಕೊಂಡು ತಳಕ್ಕೆ ಇಳಿಯಿತು. ಕೊನೆಯಲ್ಲಿ ಕ್ಯಾನು ವಾಲಿದಾಗ ಟ್ಯಾಂಕಿಗೆ ಹೋಗಿದ್ದು ಅದು. ಜರ್ಕ್ ಹೊಡೆಸಿದ್ದೂ ಅದೇ.

ಹಾಗಾದರೆ ಮೇಲಿನದು? ನಾನು ಅಷ್ಟು ಜೋಪಾನವಾಗಿ ಸೋಸಿ ಹಾಕಿದ್ದು? ಅದರ ಕಥೆ ಇನ್ನೂ ಬೇಜಾರಿನದು. ಇಂಜಿನ್ನಿನ ಒಳಗೆ ಒತ್ತಿದಾಗ ಇಂಧನ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವ ಅಳತೆಗೆ ಆಕ್ಟೇನ್ ಅನ್ನುತ್ತಾರೆ. ಎಥೆನಾಲಿನ ಆಕ್ಟೇನ್ ನೂರಕ್ಕಿಂತ ಮೇಲೆ. ಆಗ ನಮ್ಮ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 91 ಇರಬೇಕಿತ್ತು. ಆ 91ಕ್ಕೆ ಮುಟ್ಟಲು ಎಥೆನಾಲ್ ಕೂಡ ಸಹಾಯ ಮಾಡಿರುತ್ತದೆ. ಅದು ತಳಕ್ಕೆ ಇಳಿದ ಮೇಲೆ ಮೇಲೆ ಉಳಿದ ಪೆಟ್ರೋಲ್ ಬಡವಾಗುತ್ತದೆ. ಅದರ ಮೇಲೆ ಬೇಗ ಆವಿಯಾಗುವ ಅಂಶವೆಲ್ಲ ಸಡಿಲ ಮುಚ್ಚಳದಿಂದ ಹಾರಿಹೋಗಿತ್ತು. ಉಳಿದದ್ದು ಗಾಳಿ ತಗಲಿ ಅಂಟಂಟಾಗುತ್ತಿತ್ತು. ವಾರ್ನಿಷ್ ವಾಸನೆ ಬಂದದ್ದು ಅದಕ್ಕೇ.

ನಾಕಿಂಗ್ ಅಂದರೇನು ಅಂತ ಮಗಳು ಬಸ್ಸಿನಲ್ಲೇ ಬಿಡಿಸಿ ಹೇಳಿದ್ದಳು. ಪಿಸ್ಟನ್ ಗಾಳಿ ಮತ್ತು ಪೆಟ್ರೋಲ್ ಆವಿಯನ್ನು ಒತ್ತುತ್ತದೆ. ಒತ್ತಿದಷ್ಟೂ ಬಿಸಿ. ಪ್ಲಗ್ಗಿನ ಕಿಡಿಯಿಂದ ಹತ್ತಿದ ಬೆಂಕಿ ಒಂದು ಕಡೆಯಿಂದ ಹಬ್ಬುತ್ತಾ ಬರಬೇಕು. ಆಕ್ಟೇನ್ ಕಡಿಮೆಯಾದರೆ ಆ ಬೆಂಕಿ ಬರುವ ತನಕ ಪೆಟ್ರೋಲ್ ತಡೆಯುವುದಿಲ್ಲ. ಮೂಲೆಯಲ್ಲಿ ತಾನೇ ಹೊತ್ತಿಕೊಂಡು ಸಿಡಿಯುತ್ತದೆ. ಏರಿನಲ್ಲಿ, ಮೇಲಿನ ಗೇರಿನಲ್ಲಿ, ಕಾಲು ಒತ್ತಿ ಹಿಡಿದಾಗ ಅದು ಜಾಸ್ತಿ. ಹೀಗೇ ಸಿಡಿಯುತ್ತಿದ್ದರೆ ಪಿಸ್ಟನ್ನೇ ತೂತು ಬೀಳಬಹುದು ಅಂತ ಭಾಯ್ ಸೇರಿಸಿದರು. ನಮ್ಮದಕ್ಕೆ ಏನೂ ಆಗಿರಲಿಲ್ಲ. ಗೇರ್ ಇಳಿಸಿದ್ದು ಒಳ್ಳೇದಾಯಿತು ಅಂದರು. ಅದು ನನ್ನ ಬುದ್ಧಿ ಅಲ್ಲ, ಮಗಳದು ಅಂತ ಹೇಳಿದೆ.

ಇನ್ನೊಂದು ಮಾತು ಅವರು ಹೇಳಿದ್ದು ಇವತ್ತಿಗೂ ಚುಚ್ಚುತ್ತದೆ. "ಟ್ಯಾಂಕಲ್ಲಿ ಮೂರು ಲೀಟರ್ ಒಳ್ಳೇದು ಇತ್ತಲ್ಲ ಅಕ್ಕ. ಅಷ್ಟರಲ್ಲೇ ಸಕಲೇಶಪುರಕ್ಕೆ ಆರಾಮಾಗಿ ಬರ್ತಿದ್ರಿ. ಇಲ್ಲಿಂದ ಬಸ್ಸು." ಹೌದು. ಹಾಸನದ ತನಕ ಕಾರಲ್ಲೇ ಹೋಗಬೇಕು ಅಂತ ತಲೆಯಲ್ಲಿ ಕೂತಿತ್ತು. ಇದ್ದ ಪೆಟ್ರೋಲನ್ನು ಲೆಕ್ಕ ಹಾಕುವ ಬದಲು ಇಲ್ಲದ್ದನ್ನು ಲೆಕ್ಕ ಹಾಕಿದೆ. ಹಳೇ ಪೆಟ್ರೋಲನ್ನು ಬಳಸಲೇಬೇಕಾದರೆ, ತಳದಲ್ಲಿ ಗೆರೆ ಬಿದ್ದಿಲ್ಲ ಅಂತ ನೋಡಿಕೊಂಡು, ಒಂದು ಲೀಟರಿಗೆ ಹತ್ತು ಲೀಟರ್ ಹೊಸದು ಬೆರೆಸಬೇಕಂತೆ. ಗೆರೆ ಬಿದ್ದ ಮೇಲೆ ಯಾವ ಗಾಡಿಗೂ ಬೇಡ ಅಂದರು.

ಕ್ಯಾನಿನಲ್ಲಿ ಉಳಿದದ್ದನ್ನು ತಂದುಕೊಡಿ, ಎಲ್ಲೂ ಚೆಲ್ಲಬೇಡಿ ಅಂತಲೂ ಹೇಳಿದರು. ನಮ್ಮ ತೋಟದ ಹಳ್ಳ ಹೋಗಿ ಸೇರೋದು ಹೇಮಾವತಿಗೆ. ಚೆಲ್ಲುವ ಯೋಚನೆ ನನಗೂ ಇರಲಿಲ್ಲ. ಆ ಹೊತ್ತಿಗೆ ಒಂದು ಬಂಕಿಗೆ ಟ್ಯಾಂಕರ್ ಬಂದಿತ್ತು. ತಲೆಗೆ ಇನ್ನೂರು ರೂಪಾಯಿಯದ್ದು ಮಾತ್ರ. ಅದನ್ನೇ ಹಾಕಿಸಿಕೊಂಡು, ಬಾಟ್ಲಿಯನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಬಂದೆವು.

ದೊಡ್ಡಪ್ಪ ಭಾನುವಾರ ಬೆಳಗ್ಗೆ ಬಂದರು. ಪರೀಕ್ಷೆ ಹೇಗಾಯಿತು ಅಂತ ಮಗಳನ್ನು ವಿಚಾರಿಸಿ, ಜಗುಲಿಯಲ್ಲಿ ಕೂತು ಕಾಫಿ ಕುಡಿದರು. ಅವರಿಗೆ ಹೇಗೆ ಹೇಳೋದು ಅಂತ ನನಗೆ ಕಷ್ಟವಾಯಿತು. ಯಾಕೆಂದರೆ ಅವರು ಹೇಳಿದ್ದು ಅವರ ಕಾಲಕ್ಕೆ ಸುಳ್ಳಲ್ಲ. ಯುದ್ಧಕಾಲದ ಆ ವಿಲ್ಲೀಸ್ ಇಂಜಿನ್ ಗಾಳಿಯನ್ನು ಒತ್ತುತ್ತಿದ್ದದ್ದು ಆರೂವರೆ ಪಟ್ಟು ಮಾತ್ರ. 68 ಆಕ್ಟೇನಿನ ಪೆಟ್ರೋಲಿದ್ದರೂ ಓಡಲಿ ಅಂತಲೇ ಮಾಡಿದ ಇಂಜಿನ್. ನಮ್ಮ ಆಲ್ಟೊ ಒತ್ತುವುದು ಸುಮಾರು ಹತ್ತು ಪಟ್ಟು. ಅವರ ಕಾಲದ ಪೆಟ್ರೋಲಿನಲ್ಲಿ ಎಥೆನಾಲ್ ಇರಲಿಲ್ಲ, ನಾಕಿಂಗ್ ತಡೆಯಲು ಸೀಸ ಇತ್ತು. ಸೀಸ ವಿಷ ಅಂತ 2000ದ ಹೊತ್ತಿಗೆ ದೇಶದಲ್ಲೆಲ್ಲ ತೆಗೆದರು. ಪೆಟ್ರೋಲ್ ಅನ್ನುವ ಹೆಸರೊಂದು ಹಾಗೇ ಉಳಿದು, ಒಳಗಿನದೆಲ್ಲ ಬದಲಾಗಿತ್ತು.

ಮಾತಾಡದೆ ಬಾಟ್ಲಿಯನ್ನು ಅವರ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು, ನಿಧಾನವಾಗಿ ವಾಲಿಸಿ, ಗೆರೆ ಓಡಾಡೋದನ್ನು ಬಹಳ ಹೊತ್ತು ನೋಡಿದರು. ನನಗೆ ತಿಳಿದಷ್ಟನ್ನು ಹೇಳಿದೆ. ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

"ನಾನೇ ಹೇಳ್ಕೊಟ್ಟೆನಲ್ಲವ್ವ" ಅಂದರು ಕೊನೆಗೆ.

"ಬಿಡಿ ದೊಡ್ಡಪ್ಪ, ಕೇಳಿದ್ದು ನಾನು" ಅಂದೆ.

ಲೋಟ ಕೆಳಗಿಟ್ಟು ಎದ್ದರು. "ನನ್ನ ಶೆಡ್ಡಲ್ಲೂ ಒಂದು ಕ್ಯಾನು ಅದೆ. ಹೋದ ವರ್ಷದ್ದು. ಟಾರ್ಚ್ ತಗೊಂಡು ಬಾ" ಅಂದರು. ಮಗಳೂ ಜೊತೆಗೆ ಬಂದಳು. ಮಳೆ ಬಿಟ್ಟಿತ್ತು. ಶೆಡ್ಡಿನ ಕತ್ತಲಲ್ಲಿ ಜೀಪಿನ ಹಿಂದಿನಿಂದ ಕ್ಯಾನು ಎಳೆದು, ಅಲ್ಲಾಡಿಸದೆ ಕಟ್ಟೆಯ ಮೇಲಿಟ್ಟರು. ಮಗಳು ಹಿಂದಿನಿಂದ ಟಾರ್ಚ್ ಬಿಟ್ಟಳು. ಬಿಳಿ ಪ್ಲಾಸ್ಟಿಕ್ಕಿನಾಚೆ, ತಳದಿಂದ ಎರಡು ಬೆರಳು ಮೇಲೆ, ಗೆರೆ ಸ್ಪಷ್ಟವಾಗಿ ಕಾಣಿಸಿತು.