ಅರ್ಜುನನೂ ಮರೆತಿದ್ದ

ಮಾರ್ಗಶಿರ ಶುದ್ಧ ಏಕಾದಶಿ ಗೀತಾ ಜಯಂತಿ. ಅವತ್ತು ಉಪವಾಸವಿದ್ದು, ಒಂದೇ ಸಲಕ್ಕೆ ಕೂತು 18 ಅಧ್ಯಾಯಗಳನ್ನೂ ಪಾರಾಯಣ ಮಾಡುವುದು ನಾನು ಹಿಡಿದ ವ್ರತ. 700 ಶ್ಲೋಕ. ಮೊದಲೆರಡು ವರ್ಷ ನಾಲಿಗೆ ತೊಡರುತ್ತಿತ್ತು. ಆಮೇಲೆ ಸರಾಗವಾಯಿತು.

ಮೂರನೇ ವರ್ಷ, ಪಾರಾಯಣ ಮುಗಿದು ಹದಿನೈದು ದಿನವೂ ಆಗಿರಲಿಲ್ಲ, ಅಪ್ಪ ಹೋದರು. ‘ಗತಾಸೂನಗತಾಸೂಂಶ್ಚ ನಾನುಶೋಚಂತಿ ಪಂಡಿತಾಃ’ ಅಂತ ಎರಡನೇ ಅಧ್ಯಾಯದಲ್ಲಿ ಬರುತ್ತದಲ್ವಾ? ಸತ್ತವರಿಗಾಗಲಿ ಇರುವವರಿಗಾಗಲಿ ತಿಳಿದವರು ದುಃಖಪಡುವುದಿಲ್ಲ. ಅದು ನನಗೆ ಬಾಯಿಪಾಠ. ಆದರೆ ಅಪ್ಪನ ಕನ್ನಡಕ ಎತ್ತಿಡುವಾಗ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಗಾಜಿನ ಮೇಲೆ ಅವರ ಹೆಬ್ಬೆರಳಿನ ಗುರುತು ಹಾಗೇ ಇತ್ತು. ಒರೆಸಲು ಮನಸ್ಸಾಗಲಿಲ್ಲ. ಇಷ್ಟು ಓದಿ ನನಗೆ ದಕ್ಕಿದ್ದೇನು ಅಂತ ನಾಚಿಕೆಯಾಯಿತು. ವ್ರತ ಬಿಟ್ಟುಬಿಡೋಣ ಅನ್ನಿಸಿತು.

ಆ ದಿನಗಳಲ್ಲೇ ಮಹಾಭಾರತದ ಆಶ್ವಮೇಧಿಕ ಪರ್ವ ಓದುತ್ತಿದ್ದೆ. ಯುದ್ಧ ಮುಗಿದಿದೆ. ಎರಡೂ ಕಡೆಯ 18 ಅಕ್ಷೌಹಿಣಿ ಸೇನೆ 18 ದಿನಗಳಲ್ಲಿ ಮಣ್ಣಾಗಿದೆ. ಕೃಷ್ಣ ಇನ್ನೇನು ದ್ವಾರಕೆಗೆ ಹೊರಡುವವನು. ಆಗ ಅರ್ಜುನ ಹೇಳುತ್ತಾನೆ: ಕೇಶವ, ಅಂದು ಸ್ನೇಹದಿಂದ ನೀನು ಹೇಳಿದ್ದೆಲ್ಲ ನನಗೆ ಮರೆತುಹೋಗಿದೆ. ಮತ್ತೆ ಕೇಳುವ ಆಸೆ. ‘ತತ್ಸರ್ವಂ ಪುರುಷವ್ಯಾಘ್ರ ನಷ್ಟಂ ಮೇ.’

ಓದುತ್ತಿದ್ದವಳು ಅಲ್ಲೇ ನಿಂತೆ. ನಷ್ಟ! ಗೀತೆಯ ಕೊನೆಯಲ್ಲಿ ಇದೇ ಅರ್ಜುನ ‘ನಷ್ಟೋ ಮೋಹಃ ಸ್ಮೃತಿರ್ಲಬ್ಧಾ’ ಅಂದಿದ್ದ. ಮೋಹ ಹೋಯಿತು, ನೆನಪು ಬಂತು ಅಂತ. ಈಗ ಅದೇ ಬಾಯಲ್ಲಿ ಅದೇ ಮಾತು. ಹೋಗಿರುವುದು ಮಾತ್ರ ಬೇರೆ.

ಇದನ್ನು ಅರ್ಜುನನ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಗೀತೆ ಕೇಳಿದ್ದು ಮೊದಲ ದಿನ. ಹದಿಮೂರನೇ ದಿನ ಅಭಿಮನ್ಯು ಸತ್ತ. ಆತ್ಮಕ್ಕೆ ಸಾವಿಲ್ಲ ಅಂತ ಸ್ವತಃ ಕೃಷ್ಣನಿಂದ ಕೇಳಿದ್ದವನು ಮಗನಿಗಾಗಿ ಗೋಳಾಡಿದ. ನಾಳೆ ಸೂರ್ಯ ಮುಳುಗುವುದರೊಳಗೆ, ಮಗನ ಸಾವಿಗೆ ಕಾರಣನಾದ ಜಯದ್ರಥನನ್ನು ಕೊಲ್ಲದಿದ್ದರೆ ಬೆಂಕಿಗೆ ಬೀಳುತ್ತೇನೆ ಅಂದ. ಅವನ ಜೊತೆ ರಥದಲ್ಲೇ ಇದ್ದ ಕೃಷ್ಣ ಆಗ ಗೀತೆಯನ್ನು ಮತ್ತೆ ಹೇಳಲಿಲ್ಲ. ಮರುದಿನ ಕುದುರೆ ಹೂಡಿ ರಥ ಹೊಡೆದ.

ಮರೆತೆ ಅಂದ ಗೆಳೆಯನಿಗೆ ಕೃಷ್ಣ ಬೈಯುತ್ತಾನೆ, ನಿಜ. ನಿನಗೆ ಶ್ರದ್ಧೆ ಇಲ್ಲ, ಬುದ್ಧಿ ಸಾಲದು ಅಂತಾನೆ. ಅಂದು ಯೋಗದಲ್ಲಿ ನಿಂತು ಹೇಳಿದ್ದು, ಅದನ್ನು ಹಾಗೇ ಪೂರ್ತಿಯಾಗಿ ಮತ್ತೆ ಹೇಳಲು ನನ್ನಿಂದಾಗದು ಅಂತಾನೆ. ಆದರೆ ಬೈಯುವ ಮುಂಚೆ ಒಂದು ಪದ ಬರುತ್ತದೆ: ‘ಪರಿಷ್ವಜ್ಯ’. ಅಪ್ಪಿಕೊಂಡು. ಅಪ್ಪಿಕೊಂಡೇ ಬೈದದ್ದು. ಆಮೇಲೆ ಹಳೆಯ ಕಥೆಯೊಂದನ್ನು ತೆಗೆದು, ಅದೇ ವಿಷಯವನ್ನು ಬೇರೆ ದಾರಿಯಲ್ಲಿ ಹೇಳತೊಡಗುತ್ತಾನೆ. ಅದೇ ಅನುಗೀತೆ. ಆ ಒಂದು ಪದಕ್ಕಾಗಿ ಆ ಪುಟವನ್ನು ಎಷ್ಟು ಸಲ ತಿರುವಿದ್ದೇನೋ.

ವ್ರತ ಬಿಡಲಿಲ್ಲ. ಈಗಲೂ ಹದಿನೆಂಟನೇ ಅಧ್ಯಾಯ ಮುಗಿದು ಪುಸ್ತಕ ಮುಚ್ಚುವ ಮೊದಲು ‘ನಷ್ಟಂ ಮೇ’ ಎಂಬ ಸಾಲನ್ನೂ ದೇವರ ಮುಂದೆ ಒಮ್ಮೆ ಹೇಳುತ್ತೇನೆ. ಪಾರಾಯಣದ ಕ್ರಮದಲ್ಲಿ ಅದು ಇಲ್ಲ. ನನಗೆ ಬೇಕು.